ನಾಲ್ಕು ಕೈ, ಒಂದು ಬರಹ

ಕನ್ನಡ ಪಾಠ ಹೇಳುವವರಿಗೂ ಕಂಪ್ಯೂಟರ್ ಪ್ರೋಗ್ರಾಮಿಗೂ ಎಲ್ಲಿಂದೆಲ್ಲಿಯ ನಂಟು ಎಂದು ನೀವು ಕೇಳಬಹುದು. ಬರವಣಿಗೆ ಎಂದ ಮೇಲೆ ನಂಟು ಇದ್ದೇ ಇದೆ. ಪ್ರೋಗ್ರಾಂ ಕೂಡ ಒಂದು ಬರಹವೇ. ಅದನ್ನು ಯಂತ್ರ ಓದುತ್ತದೆ, ನಿಜ. ಆದರೆ ತಿದ್ದಬೇಕಾದಾಗ, ಬೆಳೆಸಬೇಕಾದಾಗ ಅದನ್ನು ಓದುವವರು ಮನುಷ್ಯರು.

ಈ ವರ್ಷ ನಮ್ಮ ಹನ್ನೆರಡನೆಯ ತರಗತಿಯ ನಾಲ್ವರು ಮಕ್ಕಳು ಶಾಲೆಯ ಗ್ರಂಥಾಲಯಕ್ಕಾಗಿ ಪೈಥಾನ್ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದರು. ಅವರ ಕಂಪ್ಯೂಟರ್ ಟೀಚರ್ ರಜೆಯಲ್ಲಿದ್ದ ವಾರ ಲ್ಯಾಬಿನ ಉಸ್ತುವಾರಿ ನನ್ನ ಪಾಲಿಗೆ ಬಂತು. ಅಲ್ಲಿ ಕೆಲಸಕ್ಕಿಂತ ಜಗಳವೇ ಜೋರಾಗಿತ್ತು. ಪುಸ್ತಕದ ಹೆಸರಿಗೆಂದು ಒಬ್ಬ ಎರಡು ಇಂಗ್ಲಿಷ್ ಪದಗಳನ್ನು ಕೂಡಿಸಿ, ಎರಡನೆಯದನ್ನು ದೊಡ್ಡಕ್ಷರದಿಂದ ಆರಂಭಿಸಿದ್ದ. ಇನ್ನೊಬ್ಬಳು ಅದೇ ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿದ್ದಳು. ಮತ್ತೊಬ್ಬ ಎರಡೇ ಅಕ್ಷರದಲ್ಲಿ ಮುಗಿಸಿದ್ದ. ನಮಗೆ ಅದು ಒಂದೇ. ಯಂತ್ರಕ್ಕೆ ಮೂರು ಬೇರೆ ಬೇರೆ ಹೆಸರುಗಳು. ಪೈಥಾನಿನಲ್ಲಿ ಸಾಲಿನ ಮುಂದೆ ಬಿಡುವ ಜಾಗಕ್ಕೂ ಅರ್ಥವಿದೆ. ಕೆಲವರು ಟ್ಯಾಬ್ ಒತ್ತಿ, ಕೆಲವರು ಸ್ಪೇಸ್ ಒತ್ತಿ ಜಾಗ ಬಿಟ್ಟಿದ್ದರು. ಕಣ್ಣಿಗೆ ಎರಡೂ ಒಂದೇ. ಒಂದೇ ಭಾಗದಲ್ಲಿ ಇವೆರಡೂ ಬೆರೆತಾಗ ಪೈಥಾನ್ ಮುಂದೆ ಹೋಗಲು ಒಪ್ಪದೆ, ದೋಷ ತೋರಿಸಿ ನಿಂತುಬಿಟ್ಟಿತು.

ಹಾಗಾದರೆ ಯಾರದು ಸರಿ? ಪೈಥಾನ್ ರಚಿಸಿದ ಗೈಡೊ ವಾನ್ ರಾಸಮ್ ಮತ್ತು ಸಂಗಡಿಗರು 2001ರಲ್ಲಿ 'ಪೆಪ್ 8' ಎಂಬ ನಿಯಮಾವಳಿಯನ್ನು ರೂಪಿಸಿದರು. ಸಾಲಿನ ಮುಂದೆ ನಾಲ್ಕು ಸ್ಪೇಸ್, ಸಾಲಿಗೆ ಹೆಚ್ಚೆಂದರೆ 79 ಅಕ್ಷರ, ಹೆಸರಿನ ಪದಗಳ ನಡುವೆ ಅಂಡರ್‌ಸ್ಕೋರ್ ಎಂದು ಅದು ಹೇಳುತ್ತದೆ. ಸಿ ಭಾಷೆಯಲ್ಲಿ ಬರೆದ ಲಿನಕ್ಸ್ ಕರ್ನೆಲ್‌ನವರ ನಿಯಮವೋ ಎಂಟು ಅಕ್ಷರದಗಲದ ಟ್ಯಾಬ್! ಎರಡೂ ಕಡೆ ಸಾವಿರಾರು ಜನರ ಕೆಲಸ ಸುಸೂತ್ರವಾಗಿ ನಡೆದಿದೆ. ಎಂದರೆ, ಯಾವ ನಿಯಮ ಎನ್ನುವುದಕ್ಕಿಂತ ಎಲ್ಲರಿಗೂ ಒಂದೇ ನಿಯಮ ಎನ್ನುವುದೇ ಮುಖ್ಯ. ತನ್ನೊಡನೆ ಹೊಂದುವುದಕ್ಕಿಂತ ಆಯಾ ಯೋಜನೆಯ ಒಳಗಿನ ಹೊಂದಿಕೆ ದೊಡ್ಡದು ಎಂದು ಪೆಪ್ 8 ತಾನೇ ಒಪ್ಪಿಕೊಳ್ಳುತ್ತದೆ.

ಮಕ್ಕಳು ಪೆಪ್ 8 ಅನ್ನೇ ಆರಿಸಿದರು. ಎಲ್ಲರಿಗಿಂತ ಹೆಚ್ಚು ಬರೆದಿದ್ದ ಹುಡುಗನ ಮುಖ ಮಾತ್ರ ಸಣ್ಣದಾಯಿತು. "ನಂದು ಸರಿಯಾಗೇ ಓಡ್ತಾ ಇದೆ ಮೇಡಂ, ಯಾಕೆ ಬದಲಾಯಿಸಬೇಕು?" ಎಂದ. ಅವನ ಮಾತಿನಲ್ಲಿ ನ್ಯಾಯವಿತ್ತು. ರಾತ್ರಿ ನಿದ್ದೆಗೆಟ್ಟು ಬರೆದದ್ದನ್ನು ತಿದ್ದಬೇಕೆಂದರೆ ಯಾರಿಗೆ ನೋವಾಗದು? "ಪರೀಕ್ಷೆ ಮುಗಿದು ನೀನು ಹೋದ ಮೇಲೆ ಇದನ್ನ ಯಾರು ನೋಡ್ಕೋತಾರೆ?" ಎಂದಷ್ಟೇ ಕೇಳಿದೆ. ನಮ್ಮಂಥ ಶಾಲೆಯಲ್ಲಿ ಇದು ಹಗುರವಾದ ಪ್ರಶ್ನೆಯಲ್ಲ. ಅಪ್ಪನ ಕೆಲಸ ಬದಲಾದರೆ ವರ್ಷದ ನಡುವೆಯೇ ಮಕ್ಕಳು ಇನ್ನೊಂದು ದೇಶಕ್ಕೆ ಹೊರಡುತ್ತಾರೆ. ಬರೆದವರು ಹೋಗುತ್ತಾರೆ, ಬರಹ ಉಳಿಯುತ್ತದೆ. ನಾಳೆ ಒಂಬತ್ತನೆಯ ತರಗತಿಯ ಮಗುವೊಂದು ಅದನ್ನು ತೆರೆದಾಗ, ಕೇಳೋಣವೆಂದರೆ ಬರೆದವನು ಪಕ್ಕದಲ್ಲಿರುವುದಿಲ್ಲ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಆದ್ರೆ ದಂಡದ ಲೆಕ್ಕ ಹಾಕೋ ನನ್ನ ದಾರಿ ಹಾಗೇ ಇರ್ಲಿ" ಎಂದ. ಎಲ್ಲರೂ ಒಪ್ಪಿದರು.

ನಿಯಮಗಳನ್ನು ಆರು ಸಾಲಿನಲ್ಲಿ ಬರೆದು ಗೋಡೆಗೆ ಅಂಟಿಸಿದರು. ಹಳೆಯ ಫೈಲುಗಳನ್ನೆಲ್ಲ ಒಂದೇ ದಿನ ಬದಲಾಯಿಸಿದರು. ಅಂದು ಬೇರೆ ಯಾವ ತಿದ್ದುಪಡಿಯನ್ನೂ ಮಾಡಲಿಲ್ಲ. ಇದಕ್ಕೆ ಕಾರಣವಿದೆ. ಜಾಗ ಸರಿಪಡಿಸುವ ಜೊತೆಗೇ ಲೆಕ್ಕದ ತಪ್ಪನ್ನೂ ತಿದ್ದಿದರೆ, ಬದಲಾದ ನೂರಾರು ಸಾಲುಗಳ ನಡುವೆ ಆ ಮುಖ್ಯವಾದ ಒಂದು ಸಾಲು ಯಾರ ಕಣ್ಣಿಗೂ ಬೀಳದು. ಬಳಿಕ ಎಲ್ಲವೂ ಮೊದಲಿನಂತೆಯೇ ನಡೆಯುತ್ತಿದೆಯೇ ಎಂದು ಪರೀಕ್ಷಿಸಿದರು. ದಿನನಿತ್ಯದ ಸಾಲು ಜೋಡಣೆಗೆ 'ಬ್ಲ್ಯಾಕ್'ನಂಥ ಸಾಫ್ಟ್‌ವೇರ್ ಇದೆ. ಯಂತ್ರ ತಿದ್ದಿದರೆ ಯಾರಿಗೂ ಯಾರ ಮೇಲೂ ಮುನಿಸಿಲ್ಲ! ಅರ್ಥವಾಗುವ ಹೆಸರಿಡುವ ಕೆಲಸ ಮಾತ್ರ ನಮ್ಮದೇ.

ಈ ಸಂಚಿಕೆಯ ಕನ್ನಡ ಪುಟಗಳನ್ನು ತಿದ್ದುವಾಗಲೂ ನಾವು ಮಾಡುವುದು ಇದನ್ನೇ. ಒಬ್ಬರು 'ಯುಗಾದಿ' ಎಂದು ಬರೆಯುತ್ತಾರೆ, ಇನ್ನೊಬ್ಬರು 'ಉಗಾದಿ' ಎನ್ನುತ್ತಾರೆ. ಎರಡೂ ಬಳಕೆಯಲ್ಲಿವೆ. ಆದರೆ ಒಂದೇ ಲೇಖನದಲ್ಲಿ ಎರಡೂ ಬಂದರೆ, ಈಗಷ್ಟೇ ಕನ್ನಡ ಓದಲು ಕಲಿಯುತ್ತಿರುವ ಮಗು ಇವು ಎರಡು ಹಬ್ಬಗಳೆಂದು ತಿಳಿದೀತು. ಕಾಗುಣಿತಕ್ಕೆ ನಿಯಮ ಬೇಕು. ಹಬ್ಬದ ನೆನಪು ಬರೆದವರದೇ. ಅದಕ್ಕೆ ನಾವು ಕೈ ಹಚ್ಚುವುದಿಲ್ಲ.

ಮಕ್ಕಳೇ, ಮುಂದೆ ನಿಮ್ಮಲ್ಲಿ ಹಲವರು ಬೇರೆ ಬೇರೆ ದೇಶದ, ಭಾಷೆಯ ಜನರೊಡನೆ ಕುಳಿತು ಪ್ರೋಗ್ರಾಂ ಬರೆಯುತ್ತೀರಿ. ಹೋದ ಕಡೆ ಮೊದಲು ಅಲ್ಲಿನ ನಿಯಮ ಕೇಳಿ ತಿಳಿಯಿರಿ. ನಿಯಮವೇ ಇಲ್ಲದಿದ್ದರೆ ಕೆಲಸ ಆರಂಭಿಸುವ ಮೊದಲೇ ಎಲ್ಲರೂ ಸೇರಿ ಒಂದನ್ನು ಒಪ್ಪಿಕೊಳ್ಳಿ. ಅದು ನಿಮಗೆ ಇಷ್ಟವಾದದ್ದೇ ಆಗಬೇಕೆಂದಿಲ್ಲ. ಸ್ಪೇಸೋ ಟ್ಯಾಬೋ ಎಂದು ವಾದಿಸುವ ಹೊತ್ತನ್ನು ಸಮಸ್ಯೆ ಬಿಡಿಸುವುದಕ್ಕೆ ಉಳಿಸಿಕೊಳ್ಳಿ. ನಿಮ್ಮ ಸ್ವಂತಿಕೆ ಕಾಣಬೇಕಾದದ್ದು ಅಲ್ಲಿ.