ಪ್ರತಿರಾತ್ರಿ ಹೊಸ ಮಂದಿ

ನಾಟಕ ಕಂಪನಿಯೊಂದು ಒಂದೂರಿನಲ್ಲಿ ಎಷ್ಟು ದಿನ ನಿಲ್ಲಬಹುದೆಂಬುದನ್ನು ನಿರ್ಧರಿಸುವುದು ಮಾಲೀಕನ ಇಚ್ಛೆಯಲ್ಲ, ಆ ಊರಿನ ಜನಸಂಖ್ಯೆ. ನೋಡಬೇಕಾದವರೆಲ್ಲ ನೋಡಿ ಮುಗಿಸಿದ ಮೇಲೆ ಕಂಪನಿಗೆ ಉಳಿಯುವುದು ಎರಡೇ ದಾರಿ: ನಾಟಕವನ್ನು ಬದಲಿಸುವುದು, ಇಲ್ಲವೇ ಊರನ್ನು ಬದಲಿಸುವುದು. ಉತ್ತರ ಕರ್ನಾಟಕದ ವೃತ್ತಿ ರಂಗಭೂಮಿ, ಎಂದರೆ ಟಿಕೆಟ್ಟಿನ ಹಣದಿಂದಲೇ ಹೊಟ್ಟೆ ಹೊರೆದುಕೊಂಡು ಊರಿಂದೂರಿಗೆ ತಿರುಗುವ ಕಂಪನಿಗಳ ಪರಂಪರೆ, ಈ ಎರಡೂ ದಾರಿಗಳನ್ನು ಚೆನ್ನಾಗಿ ಸವೆಸಿದೆ. ಪ್ರೇಕ್ಷಕರೇ ತಾವಾಗಿ ಬದಲಾಗುವ ಜಾಗಕ್ಕೆ ಹೋಗಿ ಡೇರೆ ಹೂಡುವುದು ಮೂರನೆಯ ದಾರಿ. ಬಾಗಲಕೋಟೆ ಜಿಲ್ಲೆಯ ಬಾದಾಮಿಯಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿರುವ ಬನಶಂಕರಿ ಅಂಥದೊಂದು ಜಾಗ.

ಬಾದಾಮಿಯ ಸೀಮೆಗೆ ಬರುವ ಪರಊರಿನವರಲ್ಲಿ ಎರಡು ಬಗೆಯುಂಟು. ಮೊದಲನೆಯವರು ಕಲ್ಲನ್ನು ನೋಡಲು ಬರುವವರು: ಒಂದನೆಯ ಪುಲಕೇಶಿ ಇಲ್ಲಿನ ಬೆಟ್ಟವನ್ನು ಕೋಟೆಯಾಗಿಸಿದ್ದನ್ನು ಹೇಳುವ ಕ್ರಿ.ಶ. 543ರ ಬಂಡೆಗಲ್ಲಿನ ಶಾಸನ, ಮಂಗಲೇಶ ಕಡೆಸಿದ 578ರ ಮೂರನೆಯ ಗುಹೆ, ಮೊದಲನೆಯ ಗುಹೆಯ ಪಕ್ಕದಲ್ಲಿ ಹದಿನೆಂಟು ತೋಳುಗಳನ್ನು ಚಾಚಿ ಕುಣಿಯುವ ಶಿವ, ಇವನ್ನೆಲ್ಲ ಬಿಸಿಲೇರುವ ಮುನ್ನ ನೋಡಿ ಮುಗಿಸಿ, ಅವರು ಪಟ್ಟದಕಲ್ಲು, ಐಹೊಳೆಗಳ ಕಡೆ ಹೊರಟುಬಿಡುತ್ತಾರೆ. ಎರಡನೆಯವರು ಬನಶಂಕರಿಗೆ ನಡೆದುಕೊಳ್ಳುವವರು. ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಹಲವು ಮನೆತನಗಳಿಗೆ ಕುಲದೇವತೆಯಾದ ಈಕೆಯ ರಥೋತ್ಸವ ಪುಷ್ಯಮಾಸದ ಹುಣ್ಣಿಮೆಯಂದು, ಜನರ ಬಾಯಲ್ಲಿ ಬನದ ಹುಣ್ಣಿಮೆಯಂದು, ನಡೆಯುತ್ತದೆ. ತೇರು ಒಂದು ಸಂಜೆಯ ಮಾತಾದರೂ ಜಾತ್ರೆ ತಿಂಗಳ ತನಕ ಎಳೆಯುತ್ತದೆ. ಹೊಸ ಮನೆ ಕಟ್ಟಿಸುವವರು ಬಾಗಿಲಿನ ಚೌಕಟ್ಟನ್ನೂ, ಹೊಸ ಮನೆಗೆ ಮಗಳನ್ನು ಕಳಿಸುವವರು ಪಾತ್ರೆ ಬಟ್ಟೆಗಳನ್ನೂ ಕೊಳ್ಳಲು ಬರುತ್ತಾರೆ. ಹೀಗೆ ಬಂದವರಲ್ಲಿ ಅನೇಕರಿಗೆ ರಾತ್ರಿ ಮಲಗಲು ಜಾಗವಿರುವುದಿಲ್ಲ, ಊರಿಗೆ ಹೋಗಲು ಬೆಳಗಿನ ಬಸ್ಸಿಗೆ ಮುಂಚೆ ದಾರಿಯಿರುವುದಿಲ್ಲ. ಇಂಥ ಮಂದಿಗೆ ತಗಡಿನ ಗೋಡೆಯ ಥೇಟರು ಕಲೆಯ ತಾಣವಾಗುವ ಮೊದಲು ಪುಷ್ಯದ ಚಳಿಗೊಂದು ಆಸರೆಯಾಗುತ್ತದೆ.

ಆ ತಗಡಿನ ಗೋಡೆಯ ಹಿಂದೆ ಒಂದೂವರೆ ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ. ಕನ್ನಡ ನಾಡಿನಿಂದ ಹೋದ ಭಾಗವತರ ಆಟವನ್ನು ಕಂಡ ಪ್ರೇರಣೆಯಿಂದ ವಿಷ್ಣುದಾಸ ಭಾವೆ 1843ರಲ್ಲಿ ಸಾಂಗಲಿಯಲ್ಲಿ ಸೀತಾಸ್ವಯಂವರದ ನಾಟಕವನ್ನು ಆಡಿಸಿದರು; ಮುಂದೆ ಮರಾಠಿ ಕಂಪನಿಗಳು ಧಾರವಾಡ ಸೀಮೆಯನ್ನೆಲ್ಲ ತುಂಬಿದಾಗ ಗದುಗಿನ ಶಾಂತಕವಿಗಳು ಕನ್ನಡದ ನಾಟಕ ಮಂಡಳಿಯನ್ನು ಕಟ್ಟಿ ಅವಕ್ಕೆ ಎದುರು ನಿಂತರು. ಸಾಲವಾಗಿ ಹೋದದ್ದು ಪೈಪೋಟಿಯಾಗಿ ಮರಳಿ ಬಂದಿತೆನ್ನಬಹುದು. ದಕ್ಷಿಣದಲ್ಲಿ 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ 1930ರ ದಶಕದಲ್ಲಿ ಕುರುಕ್ಷೇತ್ರದ ಕಥೆಗೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಉತ್ತರದಲ್ಲಿ ಗರುಡ ಸದಾಶಿವರಾಯರಂಥವರು ಆನೆಯ ಕೆಲಸವನ್ನು ಕಂಠದಿಂದಲೇ ಮಾಡಿಸಿದರು. ಏಣಗಿ ಬಾಳಪ್ಪನವರು ಎಳವೆಯಲ್ಲಿ ಸ್ತ್ರೀಪಾತ್ರಗಳಿಂದ ಹೆಸರಾಗಿ, ಮುಂದೆ ಕಲಾವೈಭವ ನಾಟ್ಯ ಸಂಘವನ್ನು ನಡೆಸಿ, 2017ರಲ್ಲಿ ತೀರಿಕೊಂಡಾಗ ನೂರನ್ನು ದಾಟಿದ್ದರು. ಇದೇ ಜಿಲ್ಲೆಯ ಹುನಗುಂದ ಕಡೆಯವರಾದ ಪಿ.ಬಿ. ಧುತ್ತರಗಿಯವರು ಕಂಪನಿಗಳಿಗಾಗಿ ಬರೆದ ‘ಸಂಪತ್ತಿಗೆ ಸವಾಲ್’ 1974ರಲ್ಲಿ ರಾಜಕುಮಾರರ ಸಿನಿಮಾ ಆಯಿತು.

ಈ ಪ್ರಬಂಧದ ಲೇಖಕ ಯೌವನದಲ್ಲಿ ಕೆಲವು ಹಂಗಾಮುಗಳ ಕಾಲ ಇಂಥದೊಂದು ಕಂಪನಿಯಲ್ಲಿ ಸಣ್ಣ ನಟನಾಗಿದ್ದನು. ಅವನ ಪಾಲಿಗೆ ಬಂದದ್ದು ಪೊಲೀಸ್ ಇನ್ಸ್‌ಪೆಕ್ಟರನ ಪಾರ್ಟು. ಸಾಮಾಜಿಕ ನಾಟಕದ, ಎಂದರೆ ಪುರಾಣ ಚರಿತ್ರೆಗಳನ್ನು ಬಿಟ್ಟು ಮನೆತನದ ಸುಖದುಃಖವನ್ನು ಹೇಳುವ ನಾಟಕದ, ರಚನೆಯನ್ನು ಬಲ್ಲವರಿಗೆ ಈ ಪಾತ್ರದ ಮಹತ್ವವನ್ನು ವಿವರಿಸಬೇಕಾಗಿಲ್ಲ. ಗೌಡ ಮಾಡಬೇಕಾದ ಅನ್ಯಾಯವನ್ನೆಲ್ಲ ಮಾಡಿ, ತಾಯಿ ಅಳಬೇಕಾದಷ್ಟು ಅತ್ತು, ಹಾಸ್ಯಗಾರ ಮೂರು ಬಾರಿ ಮದುವೆಯಾಗಲು ನೋಡಿ ಸೋತ ಮೇಲೆ, ಕೊನೆಯ ಸೀನಿನಲ್ಲಿ ಇನ್ಸ್‌ಪೆಕ್ಟರನು ಪಿಸ್ತೂಲು ಹಿಡಿದು ಪ್ರವೇಶಿಸಿ ಎಲ್ಲವನ್ನೂ ಎರಡು ಮಾತಿನಲ್ಲಿ ಸರಿಪಡಿಸುತ್ತಾನೆ. ಹಳೆಯ ನಾಟಕಗಳಲ್ಲಿ ಇದೇ ಹೊತ್ತಿಗೆ ಈಶ್ವರನು ಪ್ರತ್ಯಕ್ಷನಾಗುತ್ತಿದ್ದನು; ಕಾಲ ಬದಲಾದಂತೆ ಆ ಹುದ್ದೆ ಗೃಹ ಇಲಾಖೆಗೆ ವರ್ಗವಾಯಿತು. ಜಾತ್ರೆಯ ರಾತ್ರಿ ಒಂದಕ್ಕಿಂತ ಹೆಚ್ಚು ಆಟಗಳಿರುವುದರಿಂದ ಈ ನಟನಿಗೆ ನಿದ್ದೆ ಕದಿಯುವುದೇ ಮುಖ್ಯ ಅಭ್ಯಾಸವಾಗಿತ್ತು. ಮೈಕಿನ ದನಿಗೆ ತಗಡು ಅಡ್ಡಿಯಲ್ಲವಾದ್ದರಿಂದ, ಪಕ್ಕದ ಥೇಟರಿನ ಖಳನು ಸಿಕ್ಕಿಬಿದ್ದ ಸದ್ದು ಕೇಳಿದೊಡನೆ ಎದ್ದು ಬೆಲ್ಟು ಕಟ್ಟಿಕೊಂಡರೆ ತನ್ನ ಖಳನನ್ನು ಹಿಡಿಯಲು ಸರಿಯಾದ ಹೊತ್ತಾಗಿರುತ್ತಿತ್ತು.

ಮುಕ್ಕಾಮಿನ ಉಳಿದ ದಿನಚರಿ ಸರಳವಾದುದು. ಥೇಟರಿನ ಹಿಂದೆಯೇ ತಗಡು, ತಟ್ಟು, ಹಳೆಯ ಪರದೆಗಳಿಂದ ಕಟ್ಟಿದ ಬಿಡಾರಗಳಲ್ಲಿ ನಟರ ಸಂಸಾರಗಳು ಹಗಲೆಲ್ಲ ಮಲಗಿ, ಇಳಿಹೊತ್ತಿಗೆ ಒಲೆ ಹೊತ್ತಿಸುತ್ತವೆ. ರಾತ್ರಿ ರಾಣಿಯ ಅರಮನೆಯಾಗಿದ್ದ ಪರದೆಯೇ ಹಗಲು ಗಾಳಿಗೆ ಮರೆಯಾಗುತ್ತದೆ. ಮಾಲೀಕನಿಂದ ಮುಂಗಡ ಪಡೆದ ನಟ ಆ ಮುಂಗಡ ತೀರುವವರೆಗೆ ಕಂಪನಿಗೆ ಕಟ್ಟುಬಿದ್ದಿರುತ್ತಾನೆ. ತೀರುವ ಮೊದಲೇ ಮನೆಯಲ್ಲೊಂದು ಮದುವೆ ಬರುವುದರಿಂದ ಈ ಸಂಬಂಧ ಸಾಮಾನ್ಯವಾಗಿ ಗಟ್ಟಿಯಾಗಿಯೇ ಉಳಿಯುತ್ತದೆ.

ಒಂದೇ ನಾಟಕವನ್ನು ತಿಂಗಳುಗಟ್ಟಲೆ ಆಡುವ ನಟನಿಗೆ ಬೇಸರವೇ ಮೊದಲ ಶತ್ರುವೆಂದು ಹೊರಗಿನವರು ಊಹಿಸುತ್ತಾರೆ. ಲೇಖಕನೂ ಒಮ್ಮೆ ಕಂಪನಿಯ ಹಿರಿಯ ನಟಿಯೊಬ್ಬರ ಮುಂದೆ ಹೀಗೆಯೇ ಗೊಣಗಿದಾಗ, ಮುಖದ ಬಣ್ಣ ಒರೆಸುತ್ತಲೇ ಅವರು, “ತಮ್ಮಾ, ಮಾತು ಹಳೇದು ಖರೆ, ಮಂದಿ ಹೊಸಾದಲ್ಲೇನು?” ಎಂದರು. ಅವರ ಮಾತಿನಲ್ಲಿ ಯಾತ್ರಾಸ್ಥಳದ ನಟನೆಯ ಶಾಸ್ತ್ರವೇ ಅಡಗಿದೆ. ಸಣ್ಣ ಊರಿನ ಮುಕ್ಕಾಮಿನಲ್ಲಿ ಪ್ರೇಕ್ಷಕರು ನಟನನ್ನು ಬಲ್ಲರು, ನಿನ್ನೆ ಅವನು ಚೆನ್ನಾಗಿ ಆಡಿದ್ದನ್ನು ನೆನೆದು ಇಂದಿನ ಕೊರತೆಯನ್ನು ಮನ್ನಿಸುವರು. ಜಾತ್ರೆಯ ಮಂದಿಗೆ ಅಂಥ ನೆನಪಿಲ್ಲ. ನಿನ್ನೆಯ ಚಪ್ಪಾಳೆ ನಿನ್ನೆಯವರೊಂದಿಗೆ ಬಸ್ಸು ಹತ್ತಿ ಹೋಗಿರುತ್ತದೆ. ವಿಜಯಪುರದ ಕಡೆಯ ಗುಂಪು ನಗುವ ಜಾಗದಲ್ಲಿ ಗದುಗಿನ ಕಡೆಯ ಗುಂಪು ಸುಮ್ಮನಿರಬಹುದು, ಆದ್ದರಿಂದ ಪ್ರತಿ ರಾತ್ರಿ ಮೊದಲ ಸೀನಿನಲ್ಲಿಯೇ ಎದುರಿಗೆ ಕುಳಿತವರ ನಾಡಿಯನ್ನು ಹಿಡಿದು, ಎಲ್ಲಿ ಮಾತನ್ನು ಎಳೆಯಬೇಕು, ಎಲ್ಲಿ ಕತ್ತರಿಸಬೇಕೆಂದು ತೀರ್ಮಾನಿಸಬೇಕಾಗುತ್ತದೆ. ಈ ತೀರ್ಮಾನದಲ್ಲಿ ಹಾಸ್ಯನಟನಿಗೂ ಪೇಟಿ ಮಾಸ್ತರರಿಗೂ, ಎಂದರೆ ಹಾರ್ಮೋನಿಯಂ ನುಡಿಸುವವರಿಗೂ, ಕಣ್ಣಲ್ಲೇ ಒಪ್ಪಂದವಾಗಿಬಿಡುತ್ತದೆ.

ಇದೇ ಹೊಸ ಮಂದಿ ಕೇಡಿಗೂ ಕಾರಣರಾದರು. ಸಾಲಾಗಿ ನಿಂತ ಥೇಟರುಗಳ ನಡುವೆ, ಯಾವ ಕಂಪನಿಯ ಕೀರ್ತಿಯನ್ನೂ ಅರಿಯದ ದಾರಿಹೋಕನನ್ನು ಗಲ್ಲಾಪೆಟ್ಟಿಗೆಯ ಕಡೆ ಎಳೆಯಬೇಕಾದದ್ದು ಫಲಕದ ಮೇಲಿನ ಹೆಸರು ಮತ್ತು ಮೈಕಿನ ಕೂಗು ಮಾತ್ರ. ಹಾಗಾಗಿ ನಾಟಕದ ಹೆಸರುಗಳು ವರ್ಷದಿಂದ ವರ್ಷಕ್ಕೆ ಚುರುಕಾದವು, ಆಮೇಲೆ ಚೇಷ್ಟೆಯವಾದವು, ಕೊನೆಗೆ ಮನೆಮಂದಿಯ ಎದುರು ಓದಲಾಗದಂಥವಾದವು. ದ್ವಂದ್ವಾರ್ಥದ ಸಂಭಾಷಣೆಯನ್ನು ವಿಮರ್ಶಕರು ನಟರ ಅಭಿರುಚಿಯ ದೋಷವೆಂದು ಬರೆಯುತ್ತಾರೆ. ಅದು ಬಹುಮಟ್ಟಿಗೆ ಜಾಗದ ದೋಷ. ಮತ್ತೆ ಬಾರದ ಗಿರಾಕಿಯ ಮುಂದೆ ಹೆಸರು ಉಳಿಸಿಕೊಳ್ಳುವ ಅಗತ್ಯವಿರುವುದಿಲ್ಲ. ಇನ್ನೊಂದು ನಷ್ಟ ಇದಕ್ಕಿಂತ ಆಳವಾದುದು. ಊರೂರು ತಿರುಗಿದ ಹಿಂದಿನ ನಟನಿಗೆ ಹತ್ತಾರು ನಾಟಕಗಳು ಬಾಯಿಪಾಠವಿರಬೇಕಿತ್ತು; ಸಿನಿಮಾ, ಟೀವಿಗಳು ಸಣ್ಣ ಊರುಗಳ ಮುಕ್ಕಾಮುಗಳನ್ನು ನುಂಗಿದ ಮೇಲೆ ಕಂಪನಿಗಳ ವರ್ಷದ ಅನ್ನ ದೊಡ್ಡ ಜಾತ್ರೆಗಳನ್ನೇ, ಎಲ್ಲಕ್ಕಿಂತ ಹೆಚ್ಚಾಗಿ ಬನಶಂಕರಿಯನ್ನೇ, ನೆಚ್ಚಿಕೊಂಡಿತು, ಒಂದೆರಡು ನಾಟಕಗಳಿಂದಲೇ ಬದುಕು ಸಾಗುವಂತಾಯಿತು. ಕೊರೊನಾ ಕಾಲದಲ್ಲಿ ಜಾತ್ರೆಗಳು ನಿಂತಾಗ ಎಷ್ಟೋ ನಟರು ಹೊಲದ ಕೂಲಿಗೆ ಹೋದದ್ದು ಈ ಒಂಟಿ ಆಧಾರ ಎಷ್ಟು ತೆಳುವೆಂಬುದನ್ನು ತೋರಿಸಿತು.

ಆದರೂ ಇದು ಮುಖ್ಯವಾಗಿ ಪ್ರೇಕ್ಷಕರ ಟಿಕೆಟ್ಟಿನಿಂದ ನಡೆಯುವ ರಂಗಭೂಮಿ. ನೋಡುವವನಿಗೆ ಇಲ್ಲಿ ಆಮಂತ್ರಣ ಪತ್ರಿಕೆಯಾಗಲಿ ಅಧ್ಯಕ್ಷರ ಭಾಷಣವಾಗಲಿ ಇಲ್ಲ, ಮೆಚ್ಚದಿದ್ದರೆ ಎದ್ದು ಪಕ್ಕದ ಥೇಟರಿಗೆ ಹೋಗುವ ಸ್ವಾತಂತ್ರ್ಯವಿದೆ. ಆ ಸ್ವಾತಂತ್ರ್ಯದ ಎದುರು ನಿಂತು ಅವನನ್ನು ಕೂರಿಸಿಕೊಳ್ಳುವ ನಟನ ವಿದ್ಯೆಗೆ ಯಾವ ರಂಗಶಾಲೆಯ ಪಾಠವೂ ಸಾಟಿಯಲ್ಲ. ಪುಷ್ಯಮಾಸದಲ್ಲಿ ಗುಹೆಗಳನ್ನು ನೋಡಿ ಮುಗಿಸಿದ ಪ್ರವಾಸಿ ಆ ಸಂಜೆ ಬಾದಾಮಿಯಲ್ಲಿಯೇ ಉಳಿದರೆ, ಐದು ಕಿಲೋಮೀಟರ್ ಆಚೆ ಹೋಗಿ ಫಲಕದ ಹೆಸರಿಗೆ ಬೆದರದೆ ಒಂದು ಟಿಕೆಟ್ಟು ಕೊಳ್ಳಬಹುದು. ಇನ್ಸ್‌ಪೆಕ್ಟರನು ಬರುವವರೆಗೆ ಏಳದೆ ಕುಳಿತರೆ ಅವನ ಕಾಯುವಿಕೆಗೂ ಒಂದು ಅರ್ಥ ಬರುತ್ತದೆ.