ಪ್ಲಗ್ ಪಾಯಿಂಟ್ ಇದೆಯಾ ಸಾರ್?

ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಬರುವವರು ಮೊದಲೆಲ್ಲ ಕೇಳುತ್ತಿದ್ದದ್ದು ಕಾವೇರಿ ನೀರು ಬರುತ್ತದಾ, ಬೋರ್ ಇದೆಯಾ ಅಂತ. ಈಗ ಇನ್ನೊಂದು ಸೇರಿಕೊಂಡಿದೆ: "ಗಾಡಿ ಚಾರ್ಜಿಗೆ ಹಾಕೋಕೆ ಕೆಳಗೆ ಪ್ಲಗ್ ಪಾಯಿಂಟ್ ಇದೆಯಾ ಸಾರ್?" ಎಲೆಕ್ಟ್ರಿಕ್ ಗಾಡಿ ಈ ದೇಶದಲ್ಲಿ ಬೇರೂರುವುದು ಈ ಪ್ರಶ್ನೆಗೆ ಓನರ್ ಏನು ಹೇಳುತ್ತಾರೆ ಎನ್ನುವುದರ ಮೇಲೆಯೇ ನಿಂತಿದೆ ಎಂದು ನನ್ನ ನಂಬಿಕೆ.

ಈ ಮಾತು ತೆಗೆದರೆ ಸಾಕು, ಎಲ್ಲರೂ ಕಾರಿನ ಕಡೆಗೇ ಓಡುತ್ತಾರೆ. ಓಡಲಿ, ಕಾರಿನಲ್ಲೂ ನಮ್ಮೂರು ಹಿಂದೆ ಬಿದ್ದಿರಲಿಲ್ಲ. ಚೇತನ್ ಮೈನಿಯವರ ಪುಟ್ಟ ಎಲೆಕ್ಟ್ರಿಕ್ ಕಾರು ರೇವಾ ಇಲ್ಲಿನ ರಸ್ತೆಗೆ ಇಳಿದದ್ದು 2001ರಲ್ಲಿ. ನಾವು ಅದನ್ನು ಕುತೂಹಲದಿಂದ ನೋಡಿದೆವು, ಕೊಂಡವರು ಕಡಿಮೆ. ಅದೇ ಕಾರು ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರು ಹೊತ್ತು ಓಡಾಡಿತು. ಅಲ್ಲಿ ನಗರದ ನಡುಭಾಗಕ್ಕೆ ಕಾರು ತಂದರೆ ದಟ್ಟಣೆ ಶುಲ್ಕ ಕಟ್ಟಬೇಕಿತ್ತು. ಎಲೆಕ್ಟ್ರಿಕ್ ಗಾಡಿಗೆ ಆಗ ಅದು ಮಾಫಿ ಇತ್ತು. ಅನುಕೂಲ ಮಾಡಿಕೊಟ್ಟ ಊರಿನಲ್ಲಿ ಗಾಡಿ ಬಾಳಿತು, ಅಷ್ಟೇ.

ನಮ್ಮ ದೇಶದಲ್ಲಿ ಎಲೆಕ್ಟ್ರಿಕ್ ಗಾಡಿಯನ್ನು ಮೊದಲು ಕೈಹಿಡಿದವರು ದುಡಿದು ತಿನ್ನುವ ಜನ. ದೆಹಲಿ, ಉತ್ತರ ಪ್ರದೇಶ, ಬಿಹಾರದ ಊರೂರಲ್ಲಿ ಇ-ರಿಕ್ಷಾಗಳು ತುಂಬಿಕೊಂಡವು. 2014ರಲ್ಲಿ ದೆಹಲಿ ಹೈಕೋರ್ಟ್ ಅವುಗಳನ್ನು ತಡೆಯಿತು. ಆದರೆ ಅಷ್ಟು ಜನರ ಅನ್ನ ಅವುಗಳ ಮೇಲಿತ್ತು. ಹಾಗಾಗಿ ಮರುವರ್ಷ ಮೋಟಾರು ವಾಹನ ಕಾಯ್ದೆಯನ್ನೇ ತಿದ್ದಬೇಕಾಯಿತು. 2023ರಲ್ಲಿ ಎಲೆಕ್ಟ್ರಿಕ್ ತ್ರಿಚಕ್ರ ವಾಹನಗಳ ಮಾರಾಟದಲ್ಲಿ ಭಾರತ ಚೀನಾವನ್ನೂ ಹಿಂದಿಕ್ಕಿತು. ಆ ಹೆಗ್ಗಳಿಕೆ ಮೆಟ್ರೋ ಸ್ಟೇಷನ್ನಿನ ಮುಂದೆ ಸವಾರಿ ಕೂಗುವ ಆ ಚಾಲಕರಿಗೇ ಸಲ್ಲಬೇಕು.

"ಕರೆಂಟೇ ಕಲ್ಲಿದ್ದಲಿನಿಂದ ಬರುತ್ತಲ್ಲ, ಏನು ಲಾಭ?" ಎನ್ನುವವರಿದ್ದಾರೆ. ನಿಜ, ದೇಶದ ವಿದ್ಯುತ್ತಿನಲ್ಲಿ ಸುಮಾರು ಮುಕ್ಕಾಲು ಪಾಲು ಕಲ್ಲಿದ್ದಲಿನದೇ. ಆದರೆ ಸಿಗ್ನಲ್ಲಿನಲ್ಲಿ ದಿನವಿಡೀ ನಿಲ್ಲುವ ಪೊಲೀಸಿನವರ ಮುಖಕ್ಕೆ ಹೊಗೆ ಉಗುಳದ ಗಾಡಿ ಎಂಬುದು ಸಣ್ಣ ಮಾತಲ್ಲ. ಜೊತೆಗೆ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಕಲ್ಲಿದ್ದಲು ಕಡಿಮೆಯಾದಷ್ಟೂ ಇದೇ ಗಾಡಿ ತಾನಾಗಿಯೇ ಇನ್ನಷ್ಟು ಶುದ್ಧವಾಗುತ್ತದೆ. ಪೆಟ್ರೋಲ್ ಗಾಡಿಗೆ ಆ ಭಾಗ್ಯವಿಲ್ಲ.

ಇನ್ನು ಸ್ಕೂಟರ್. ಎರಡನೇ ಮಹಡಿಯ ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರು ಇಳಿಬಿಟ್ಟು, ಮಳೆ ಬಂದರೆ ನೆನೆಯದಿರಲೆಂದು ಜೋಡಣೆಗೆ ಪ್ಲಾಸ್ಟಿಕ್ ಕವರ್ ಸುತ್ತಿ, ರಾತ್ರಿ ಎರಡು ಸಲ ಎದ್ದು ನೋಡುವ ಹುಡುಗರನ್ನು ಕಂಡಿದ್ದೇನೆ. ಮನೆಮನೆಗೆ ಊಟ ತಲುಪಿಸಿ ಬದುಕುವವರು ಅವರು. ಸ್ವಂತ ಮನೆ, ಕಾರ್ ಷೆಡ್ಡು ಇದ್ದವರಿಗೆ ಈ ಪಾಡಿಲ್ಲ. 2017ರಲ್ಲೇ ಎಲೆಕ್ಟ್ರಿಕ್ ವಾಹನ ನೀತಿ ತಂದ ಮೊದಲ ರಾಜ್ಯ ನಮ್ಮದು. ಹಾಗಿದ್ದೂ ಬಾಡಿಗೆದಾರರು ಒಂದು ಸಾಕೆಟ್ಟಿಗೆ ಅಂಗಲಾಚಬೇಕು ಎನ್ನುವುದು ನನಗೆ ಸಂಕಟದ ವಿಷಯ.

ಒಂದು ಸ್ಕೂಟರ್ ಪೂರ್ತಿ ಚಾರ್ಜ್ ಆಗಲು ಬೇಕಾದದ್ದು ಮೂರು-ನಾಲ್ಕು ಯೂನಿಟ್. ಮನೆ ಓನರುಗಳೇ, ಎಲೆಕ್ಟ್ರಿಷಿಯನ್ನನ್ನು ಕರೆಸಿ ಗಾಡಿ ನಿಲ್ಲಿಸುವ ಕಡೆ ಅರ್ಥಿಂಗ್ ಸರಿಯಿರುವ ಒಂದು ಸಾಕೆಟ್, ಅದಕ್ಕೊಂದು ಸಬ್‌ಮೀಟರ್ ಹಾಕಿಸಿಕೊಡಿ. ಕರೆಂಟಿನ ದುಡ್ಡನ್ನು ಬಾಡಿಗೆಯ ಜೊತೆ ಬಾಡಿಗೆದಾರರೇ ಕೊಡುತ್ತಾರೆ.