ಕುತ್ತಿಗೆಯ ಕಪ್ಪು

"ಫಾಸ್ಟಿಂಗ್ 96 ಐತಿ. ಇಷ್ಟು ತೆಳ್ಳಗ ಅದೀರಿ, ನಿಮಗೆಲ್ಲಿ ಶುಗರ್ರೀ?" ಗಂಗಾವತಿಯ ಡಾಕ್ಟರು ರಿಪೋರ್ಟ್ ಮಡಚಿ ಕೊಟ್ಟರು. ದೀಪಾವಳಿಗೆ ಬೆಂಗಳೂರಿನಿಂದ ಊರಿಗೆ ಬಂದಿದ್ದೆ. ಕುತ್ತಿಗೆ ಹಿಂದಿನ ಕಪ್ಪು ತೋರಿಸಿದೆ. "ಛಲೋ ತಿಕ್ಕಿ ಜಳಕ ಮಾಡ್ರಿ" ಅಂದರು. ಅವ್ವ ಆಗಲೇ ಕಡ್ಲಿಹಿಟ್ಟು ಹಚ್ಚಿ ತಿಕ್ಕಿ ಸೋತಿದ್ದಳು.

ಅದು ಕೊಳೆಯಲ್ಲ. ಹೆಚ್ಚಿನ ಸಲ ರಕ್ತದಲ್ಲಿ ಇನ್ಸುಲಿನ್ ಜಾಸ್ತಿಯಾಗಿದೆ ಅನ್ನೋದರ ಗುರುತು. ಜೀವಕೋಶಗಳು ಇನ್ಸುಲಿನ್ ಮಾತು ಕೇಳದಿದ್ದರೆ ಮೇದೋಜ್ಜೀರಕ ಗ್ರಂಥಿ ಇನ್ನಷ್ಟು ಸುರಿಯುತ್ತದೆ. ಅದು ಹಾಗೆ ದುಡಿಯುವಷ್ಟು ವರ್ಷ ಶುಗರ್ ನಾರ್ಮಲ್ಲೇ. ಇನ್ನು ತೆಳ್ಳಗಿರೋ ಮಾತು. 2004ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ಪುಣೆಯ ಡಾ. ಯಾಜ್ಞಿಕ್, ಲಂಡನ್ನಿನ ಡಾ. ಯುಡ್ಕಿನ್ ತಮ್ಮದೇ ಫೋಟೊ ಹಾಕಿದ್ದರು. ಇಬ್ಬರ ಬಿಎಂಐ 22.3. ಮೈಯೊಳಗಿನ ಕೊಬ್ಬು ಯುಡ್ಕಿನ್‌ಗೆ 9.1%, ನಮ್ಮವರಿಗೆ 21.2%!

ಕೊಪ್ಪಳದ ಇನ್ನೊಬ್ಬ ಡಾಕ್ಟರು ಟೇಪ್ ಹಿಡಿದು ಹೊಟ್ಟೆ ಸುತ್ತಳತೆ ನೋಡಿದರು. 94 ಸೆಂ.ಮೀ.; ನಮ್ಮ ಗಂಡಸರಿಗೆ 90 ದಾಟಬಾರದು. "ಮನ್ಯಾಗ ಯಾರಿಗರ ಶುಗರ್ ಐತೇನ್ರಿ?"

ಅಪ್ಪನ ಕುತ್ತಿಗೆ ನೆನಪಾಯಿತು. ಗದ್ದೆ ಬಿಸಿಲಿಗೆ ಕಪ್ಪಾಗಿದೆ ಅಂದುಕೊಂಡಿದ್ದೆವು. ಅವನ ರಿಪೋರ್ಟೂ ನಾರ್ಮಲ್ ಇತ್ತು, ಕಾಲಿನ ಎರಡು ಬೆರಳು ತೆಗೆಯೋಕೆ ಹನ್ನೆರಡು ವರ್ಷ ಮೊದಲು.

ರಾತ್ರಿ ಅವ್ವ ಸೋನಾ ಮಸೂರಿ ಬಡಿಸಲು ಬಂದಳು. "ಅರ್ಧ ಸಾಕವ್ವ" ಅಂದೆ. "ಯಾಕ, ನಮ್ಮ ಹೊಲದ ಅನ್ನ ಬ್ಯಾಡಾತೇನು?" ತಮ್ಮ ಬಗ್ಗಿ ಉಣ್ಣುತ್ತಿದ್ದ. ಅವನ ಕಾಲರ್ ಸರಿಸಿ ನೋಡಿದೆ.